ಪಕ್ಕದ ಸೈಟಿನ ಇದ್ದಿಲು

ನನ್ನ ಗಂಡ ಲಕ್ಷ್ಮಿಕಾಂತ ವಿಮೆ ಕಚೇರಿಯಿಂದ ನಿವೃತ್ತರಾದ ಮೇಲೆ ಇದ್ದಿಲು ಸುಡುವುದನ್ನು ಕಲಿತರು. ಕೆ.ಆರ್. ಪುರದ ನಮ್ಮ ಸ್ಟಾಫ್ ಕಾಲೊನಿಯಲ್ಲಿ ಬೇರೆ ಗಂಡಸರು ವಾಕಿಂಗ್ ಹೋಗುತ್ತಾರೆ; ನಮ್ಮವರು ಡ್ರಮ್ಮಿಗೆ ತೆಂಗಿನ ಚಿಪ್ಪು ತುಂಬಿ, ಗಾಳಿಯಾಡದಂತೆ ಮುಚ್ಚಿ ಸುಡುತ್ತಾರೆ. ಆಮೇಲೆ ಅದನ್ನು ಜಜ್ಜಿ, ಸಗಣಿ ಗಂಜಲದಲ್ಲಿ ವಾರಗಟ್ಟಲೆ ನೆನೆಹಾಕುತ್ತಾರೆ. ಆ ನಾತಕ್ಕೆ ನನ್ನ ತಂಗಿ ನಮ್ಮನೆಗೆ ಬರುವುದನ್ನೇ ಬಿಟ್ಟಳು.

ಇಷ್ಟೆಲ್ಲ ಯಾರಿಗಾಗಿ? ಪಕ್ಕದ ಖಾಲಿ ಸೈಟಿನ ಶೆಡ್ಡಿನಲ್ಲಿ ಕಾವಲಿರುವ ಕಲಬುರಗಿಯ ಅಮೃತಮ್ಮನಿಗಾಗಿ! ಸೈಟಿನ ತುಂಬ ಬರೀ ಮರಳು. ಅದರಲ್ಲೇ ಅವಳು ಪುಂಡಿಪಲ್ಯ ಎಂಬ ಹುಳಿ ಸೊಪ್ಪು ಬೆಳೆದು ತಮ್ಮ ಊರ ಕಡೆಯ ಜನಕ್ಕೆ ಮಾರುತ್ತಿದ್ದಳು. ಸುರಿದ ನೀರು ನಿಲ್ಲುತ್ತಿರಲಿಲ್ಲ, ಹಾಕಿದ ಗೊಬ್ಬರವೂ ಅದರ ಜೊತೆಗೇ ಇಳಿದು ಹೋಗುತ್ತಿತ್ತು. ಸೈಟಿನ ಮಾಲೀಕರು ಸುಗತ, ಕಲ್ಯಾಣ ನಗರದವರು. ಸೈಟು ಹಸಿರಾಗಿದ್ದರೆ ಯಾರೂ ಕಸ ಸುರಿಯುವುದಿಲ್ಲ ಎಂದು ಅವಳನ್ನು ಬಿಟ್ಟುಕೊಂಡಿದ್ದರು. "ಈ ಸಲ ಸೊಪ್ಪು ಬರ್ಲಿಲ್ಲಾಂದ್ರೆ ಪಾರ್ಕಿಂಗಿಗೆ ಕೊಟ್ಬಿಡ್ತೀನಿ" ಎಂದೂ ಹೇಳಿದ್ದರು. ಆಗ ಅವಳ ಶೆಡ್ಡೂ ಹೋಗುತ್ತದೆ.

"ಇದ್ದಿಲು ಮರಳಲ್ಲಿ ನೀರು, ಗೊಬ್ಬರ ಎರಡನ್ನೂ ಹಿಡ್ಕೊಳ್ಳುತ್ತೆ ಕಣೇ ಸುಬ್ಬು" ಎಂದು ನನಗೆ ಹೇಳುತ್ತ ನಮ್ಮವರು ಚೀಲ ಹೊತ್ತು ಕೊಟ್ಟು ಬಂದರು. ಅವಳು ಒಂದು ನಗುವನ್ನೂ ನಗದೆ ತೆಗೆದುಕೊಂಡಳು. ನನಗೆ ಆಗಲೇ ಸರಿ ಬರಲಿಲ್ಲ.

ತಾರಸಿಯಲ್ಲಿ ಸಂಡಿಗೆ ಎತ್ತುವಾಗ ನೋಡುತ್ತೇನೆ, ಶೆಡ್ಡಿನ ಹಿಂದೆ ಟಾರ್ಪಾಲಿನ ಮೇಲೆ ಅದೇ ಇದ್ದಿಲು ಒಣಗುತ್ತಿದೆ! ಕಳ್ಳಿ, ಶಿವಾಜಿನಗರದ ಕಬಾಬಿನವರಿಗೆ ಮಾರುತ್ತಾಳೆ ಎಂದುಕೊಂಡೆ. ಇವರಿಗೆ ಹೇಳಿದರೆ, "ಮೊಸರಲ್ಲಿ ಕಲ್ಲು ಹುಡುಕ್ಬೇಡ" ಎಂದರು.

ಪುಂಡಿಪಲ್ಯ ಮೊಳೆತು ಹಳದಿಯಾಗಿ ನಿಂತಿತು. ನನಗೆ ತಡೆಯಲಾಗಲಿಲ್ಲ. ಸೀದಾ ಹೋದೆ, ಇವರೂ ಹಿಂದೆಯೇ ಬಂದರು.

"ಇದ್ದಿಲು ಯಾರಿಗೆ ಮಾರ್ದೆ?"

"ಮಾರಿಲ್ರೀ ಅಕ್ಕೋರೇ! ತೊಳದೀನ್ರಿ."

"ತೊಳ್ದೆಯಾ?"

"ನಿಮ್ಮನಿಗೆ ಚಿಪ್ಪು ತಂದ ಆಟೋದವ ಹಲಸೂರಿನ ಸುಡುಗಾಡ ರೋಡಿಂದ ತಂದೀನಿ ಅಂದ. ಪುಕ್ಕಟೆ ಬ್ಯಾರೆ ಕೊಡ್ಲಿಕತ್ತೀರಿ. ಹೆಣ ಸುಟ್ಟ ಇದ್ದಲಿ ಇದ್ದೀತು ಅಂತ ಅರಿಶಿಣ ನೀರಾಗ ತಿಕ್ಕಿ ತಿಕ್ಕಿ ತೊಳದು, ಒಣಗಿಸಿ ಹಾಕೀನ್ರಿ. ಬಾಯಾಗ ಹೋಗೋ ಪಲ್ಯ ಅಲ್ಲೇನ್ರೀ?"

ಇವರು ತಲೆ ಮೇಲೆ ಕೈ ಹೊತ್ತರು. "ಅಯ್ಯೋ, ಆ ರೋಡಲ್ಲಿ ಕ್ಯಾಂಟೀನಿದೆ ಅಮೃತಮ್ಮ, ಚಿಪ್ಪು ಅಲ್ಲಿಂದ ಬಂದಿದ್ದು! ನೀನು ಸಗಣಿ ಗಂಜಲದ ಸಾರಾನೆಲ್ಲ ತೊಳೆದು ಚೆಲ್ಲಿದೀಯ. ಬರಿದಾದ ಇದ್ದಿಲು ನೆಲದಲ್ಲಿದ್ದ ಗೊಬ್ಬರಾನೂ ಹೀರ್ಕೊಂಡಿದೆ."

ಅಷ್ಟರಲ್ಲಿ ಸುಗತ ಅವರ ಕಾರು ಬಂದು ನಿಂತಿತು. ಇಳಿದವರೇ ಮಡಿ ನೋಡಿದರು. "ಏನ್ರೀ ಇದು, ಪೂರ್ತಿ ಹಳದಿ?" ಅಮೃತಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಅವಳೇ ಹೇಳಲಿ, ಅನುಭವಿಸಲಿ ಎಂದುಕೊಂಡೆ ನಾನು.

"ತಪ್ಪು ನಂದು ಸಾರ್" ಎಂದರು ನಮ್ಮವರು. "ನೆನೆಹಾಕ್ದೇನೇ ಬರೀ ಇದ್ದಿಲು ಕೊಟ್ಬಿಟ್ಟೆ. ಇವಳದ್ದೇನೂ ಇಲ್ಲ. ಇನ್ನೊಂದು ಬೆಳೆ ಬಿಡಿ, ನಾನೇ ಮುಂದೆ ನಿಂತು ಬೆಳೆಸ್ತೀನಿ."

ಸುಗತ ಗೊಣಗಿದರು. ಕೊನೆಗೆ, "ಇದೇ ಲಾಸ್ಟು, ನಿಮ್ಮ ಮುಖ ನೋಡಿ ಬಿಡ್ತಿದೀನಿ" ಎಂದು ಹೊರಟರು.

ಇವರು ಟಾರ್ಪಾಲಿನ ಮೇಲೆ ಉಳಿದಿದ್ದ ಇದ್ದಿಲನ್ನು ಮತ್ತೆ ನೆನೆಹಾಕಲು ಚೀಲಕ್ಕೆ ತುಂಬತೊಡಗಿದರು. ಅಮೃತಮ್ಮ ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು, "ಅಕ್ಕೋರೇ, ಯಜಮಾನ್ರು ಸುಳ್ಳ ಯಾಕ ಹೇಳಿದ್ರು? ಅವ್ರಿಗೆ ಏನ್ ಬೇಕಾಗೇದ್ರಿ?"

ಉಪಕಾರ ಮಾಡಿದವರ ಮೇಲೂ ಅನುಮಾನವೇ ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಹೊಳೆಯಿತು. ಮದುವೆಯಾದಾಗಿನಿಂದ ಈ ಮನುಷ್ಯ ನನ್ನೆದುರು ಒಂದು ಸಲವೂ "ತಪ್ಪು ನಂದು" ಎಂದವರಲ್ಲ. ಇವಳಿಗಾಗಿ, ಅದೂ ಸುಳ್ಳೇ ಸುಳ್ಳು, ಅಂದುಬಿಟ್ಟರು!

"ನಂಗೂ ಅದೇ ಗೊತ್ತಾಗ್ಬೇಕು ಕಣಮ್ಮ" ಎಂದೆ. ಬಗ್ಗಿ ಇದ್ದಿಲು ಬಾಚುತ್ತಿದ್ದ ಅವರನ್ನೇ ನಾವಿಬ್ಬರೂ ದಿಟ್ಟಿಸುತ್ತ ನಿಂತೆವು.