ಪೂವಮ್ಮನ ಹೆಸರಿದ್ದ ಪುಸ್ತಕ

“ಹೆಬ್ಬೆರಳು ಒಳಗೆ ಮಡಚಿ ಹಿಡಿ, ಪ್ರೇಮಾ. ಕೈ ಸೆಟೆದರೆ ಆಮೇಲೆ ಬಳೆ ಏರುವುದಿಲ್ಲ.”

ಸೇಸಮ್ಮ ಹಸುರು ಗಾಜಿನ ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಸತ್ತ ನಾದಿನಿಯ ಬೆರಳುಗಳ ಮೇಲೆ ಮೆಲ್ಲಗೆ ತಳ್ಳಿದಳು. ಪ್ರೇಮಾವತಿ ತಾಯಿಯ ಅಂಗೈಯನ್ನು ಒತ್ತಿ ಹಿಡಿದಿದ್ದಳು. ಪಾಣೆಮಂಗಳೂರಿನ ಹೊಳೆಬದಿಯ ಗಂಜಿ ಅಂಗಡಿಯಲ್ಲಿ ಅಂದು ಬೆಳಿಗ್ಗೆ ಅಕ್ಕಿ ತೊಳೆಯುತ್ತ ಕೂತಲ್ಲೇ ಪೂವಮ್ಮ ಗೋಡೆಗೆ ಒರಗಿಬಿಟ್ಟಿದ್ದಳು. ತೊಳೆದ ಅಕ್ಕಿ ಇನ್ನೂ ಪಾತ್ರೆಯಲ್ಲೇ ಇತ್ತು.

“ಪುಣ್ಯವಂತೆ. ಕುಂಕುಮ ಇಟ್ಟುಕೊಂಡೇ ಹೋದಳು,” ಎಂದಳು ಸೇಸಮ್ಮ. “ಗಂಡ ಇಪ್ಪತ್ತು ವರ್ಷ ಮುಖ ತೋರಿಸದಿದ್ದರೆ ಎಂತ, ಬೊಂಬಾಯಿಯಲ್ಲಾದರೂ ಇದ್ದಾನಲ್ಲ.”

ಪೂವಮ್ಮನ ಅಣ್ಣ ರುಕ್ಮಯ್ಯ ಹೊರಗಿನಿಂದ ಬಂದ. ಅವನ ಮುಂಡಾಸಿನ ಮೇಲೆ ಮರದ ಪುಡಿ ಇತ್ತು.

“ಸೌದೆಗೆ ಮಾವಿನ ಮರ ಬಿತ್ತು. ಬಿಸಿಲು ಏರುವ ಮೊದಲು ಮುಗಿಸುವ.”

“ಮಾವ, ಅಪ್ಪನಿಗೆ ಒಂದು ತಂತಿ ಕೊಡುವ,” ಎಂದಳು ಪ್ರೇಮಾವತಿ.

“ಎಲ್ಲಿಗೆ ಮಗಳೇ? ಬೊಂಬಾಯಿ ಅಂತ ಬರೆದರೆ ಸಾಕಾ? ಅದೇನು ನಮ್ಮ ಮೆಲ್ಕಾರಾ?”

“ಅಮ್ಮನಿಗೆ ಕಾಗದ ಬರ್ತಿತ್ತಲ್ಲ.”

“ಬರ್ತಿತ್ತು ಅಂತ ಅವಳು ಹೇಳ್ತಿದ್ದಳು. ಕಣ್ಣಲ್ಲಿ ಕಂಡವರು ಯಾರು?”

“ನಾಳೆವರೆಗಾದರೂ ಕಾಯುವ ಮಾವ. ಒಂದು ಸಲ ಬಂದು ಮುಖ ನೋಡಲಿ.”

ಆಗಲೇ ಉದಯಶಂಕರ ಮಾಸ್ತರು ಬಾಗಿಲಲ್ಲಿ ಕಾಣಿಸಿಕೊಂಡರು. ಮೂಡಬಿದಿರೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವವರು. ಪ್ರತಿ ಭಾನುವಾರ ಪೂವಮ್ಮನ ಗಂಜಿಗೆ ಬರುತ್ತಿದ್ದವರು. ನಗುನಗುತ್ತ ಒಳಗೆ ಕಾಲಿಟ್ಟವರು ಬಾಳೆಯೆಲೆಯ ಮೇಲೆ ಮಲಗಿದ್ದ ದೇಹವನ್ನು ಕಂಡು ಅಲ್ಲೇ ನಿಂತರು. ಎದೆಗೆ ಒಂದು ತೆಳು ಪುಸ್ತಕ ಒತ್ತಿಕೊಂಡಿದ್ದರು.

“ಇದನ್ನು ತೋರಿಸುವ ಅಂತ ಬಂದೆ,” ಎಂದರು, ಯಾರಿಗೂ ಅಲ್ಲದೆ. “ಅಮೆರಿಕದಿಂದ ಬಂದದ್ದು. ಆ ಗಡ್ಡದವನು ಬರೆದದ್ದು. ಪೂವಕ್ಕನ ಹೆಸರು ಅಚ್ಚಾಗಿದೆ.”

* * *

ಅವನು ಬಂದದ್ದು ಅರವತ್ತೆರಡನೆಯ ಇಸವಿಯಲ್ಲಿ. ಹೆಸರು ಹಾರ್ಲನ್. ಸೊಂಟಕ್ಕೆ ಲುಂಗಿ, ಹೆಗಲಿಗೆ ಚೀಲ, ಎದೆಯವರೆಗೆ ಕೆಂಪು ಗಡ್ಡ. ಮೂರು ತಿಂಗಳು ಅಂಗಡಿಯ ಬೆಂಚಿನ ಮೇಲೆ ಕೂತು ಗಂಜಿಯನ್ನೂ ಒಣಮೀನಿನ ಚಟ್ನಿಯನ್ನೂ ತಿಂದ.

“ಅಲ್ಲಿ ಯುದ್ಧ ಮುಗಿದ ಮೇಲೆ ಇಂಥ ಕವಿಗಳ ಒಂದು ಗುಂಪೇ ಹುಟ್ಟಿದೆ, ಪೂವಕ್ಕ,” ಎಂದು ಮಾಸ್ತರು ವಿವರಿಸಿದ್ದರು. “ಕೆಲಸ ಬೇಡ, ಕಾರು ಬೇಡ ಅಂತ ಹೊರಟವರು. ಮನಸ್ಸಿನಲ್ಲಿ ಇದ್ದದ್ದನ್ನು ಒಂದೂ ಮುಚ್ಚದೆ ಹೇಳುವುದೇ ಅವರ ವ್ರತ.”

“ಎಲ್ಲ ಹೇಳಿಬಿಟ್ಟರೆ ಮತ್ತೆ ಮನೆಯಲ್ಲಿ ಬದುಕುವುದು ಹೇಗೆ ಮಾಸ್ಟ್ರೇ? ಅದಕ್ಕೇ ಪಾಪ ಅಲೆಯುತ್ತಾರೆ,” ಎಂದಿದ್ದಳು ಪೂವಮ್ಮ.

ಅವನ ಸಹವಾಸದಲ್ಲಿ ಮಾಸ್ತರರೂ ಗಡ್ಡ ಬಿಟ್ಟರು, ಅಂಗಿಗೆ ಇಸ್ತ್ರಿ ಬಿಟ್ಟರು. ಪಕ್ಕದಲ್ಲಿ ಒಣಮೀನು ಮಾರುತ್ತಿದ್ದ ನಬೀಸಾ, “ಎಂತ ಮಾಸ್ಟ್ರೇ, ನಿಮ್ಮ ಊರಿನ ಕ್ಷೌರದವ ಓಡಿ ಹೋದನಾ?” ಎಂದು ಕೇಳಿ ನಗುತ್ತಿದ್ದಳು.

ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ಪೂವಮ್ಮ ಪಾತ್ರೆ ತಿಕ್ಕುತ್ತ ಅವನೊಂದಿಗೆ ತುಳುವಿನಲ್ಲಿ ಮಾತಾಡುತ್ತಿದ್ದಳು. ಅವನು ತಲೆಯಾಡಿಸುತ್ತ ಪುಸ್ತಕದಲ್ಲಿ ಏನೋ ಗೀಚುತ್ತಿದ್ದ. ಕೆಲವೊಮ್ಮೆ ಅವಳು ಮಾತಿನ ನಡುವೆ ಕೈ ನಿಲ್ಲಿಸಿ, ಬೂದಿ ಮೆತ್ತಿದ ಮೊಣಕೈಯಿಂದಲೇ ಕಣ್ಣೊರಸಿಕೊಳ್ಳುತ್ತಿದ್ದಳು.

“ಅವನಿಗೆ ತುಳು ಬರ್ತದಾ ಪೂವಕ್ಕ, ಇಷ್ಟು ಹೇಳ್ತೀರಿ?” ಎಂದು ನಬೀಸಾ ಒಮ್ಮೆ ಕೇಳಿದ್ದಳು.

“ಬರುವುದಿಲ್ಲ. ಅದಕ್ಕೇ ಹೇಳುವುದು,” ಎಂದಿದ್ದಳು ಅವಳು.

ಮಳೆಗಾಲಕ್ಕೆ ಮುಂಚೆ ಅವನು ಬೊಂಬಾಯಿಗೆ ಹೊರಟುಹೋದ.

* * *

“ಮಾಸ್ಟ್ರೇ, ಅದರಲ್ಲಿ ಬೊಂಬಾಯಿ ಉಂಟಾ?” ಪ್ರೇಮಾವತಿ ಎದ್ದು ಬಂದಿದ್ದಳು. “ಅಮ್ಮ ಅವನಿಗೆ ಅಪ್ಪನ ವಿಷಯ ಹೇಳಿರಬೇಕು. ಅವನು ಹುಡುಕಿರಲಿಕ್ಕೂ ಸಾಕು.”

“ಬೊಂಬಾಯಿ ಉಂಟು. ಗಂಡನೂ ಇದ್ದಾನೆ,” ಎಂದರು ಮಾಸ್ತರು. “ಆದರೆ ಅದು ಕವಿತೆ, ಪ್ರೇಮಕ್ಕ. ವಿಳಾಸ ಅಲ್ಲ.”

“ಓದಿ.”

“ಓದಿ ಮಾಸ್ಟ್ರೇ,” ಎಂದಳು ಬಾಗಿಲ ಹೊರಗೆ ನಿಂತಿದ್ದ ನಬೀಸಾ. “ಸತ್ತವರ ಕಿವಿಗೂ ಬೀಳಲಿ. ನಮ್ಮ ಊರಿನ ಬೇರೆ ಯಾರ ಹೆಸರು ಅಮೆರಿಕದಲ್ಲಿ ಅಚ್ಚಾಗಿದೆ?”

ಮಾಸ್ತರು ಆ ಕವಿತೆಯನ್ನು ಹತ್ತು ಸಲ ಓದಿದ್ದರು. ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ನೋಡಿ ಕನ್ನಡದಲ್ಲಿ ಹೇಳತೊಡಗಿದರು. ದನಿಯಲ್ಲಿ ಹೆಮ್ಮೆ ಇತ್ತು.

“ಪೂವಮ್ಮಾ, ನೀನು ಆಡಿದ ಸದ್ದನ್ನೆಲ್ಲ ನಾನು ಬರೆದುಕೊಂಡೆ. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯುವವನು ನಿನ್ನ ಸೀಮೆಯವನು. ಅವನಿಗೆ ಓದಿ ಹೇಳಿ ಅರ್ಥ ಕೇಳಿದೆ. ಅವನು ಲೋಟ ಕೆಳಗಿಟ್ಟ.”

“ಮುಂದೆ?”

“ನೆರೆ ಇಳಿದ ಮೂರನೆಯ ದಿನ ಗಂಡ ನಿನ್ನ ದೋಣಿಕಡವಿಗೆ ತೇಲಿ ಬಂದ. ಕೇದಗೆಯ ಬೇರಿನಲ್ಲಿ ಸಿಕ್ಕಿಕೊಂಡಿದ್ದ. ನೀನು ಬಾಗಿ ನೋಡಿದೆ. ಎಡಗಾಲಿಗೆ ಹೆಬ್ಬೆರಳಿರಲಿಲ್ಲ. ನೀನು ಬಿದಿರಿನ ಗಳದಿಂದ ಅವನನ್ನು ಹೊಳೆಯ ನಡುವಿಗೆ ನೂಕಿದೆ. ಮನೆಗೆ ಬಂದು ಕನ್ನಡಿ ನೋಡಿ ಕುಂಕುಮ…”

ಸೇಸಮ್ಮ ಹಿಡಿದಿದ್ದ ಬಳೆ ನೆಲಕ್ಕೆ ಬಿದ್ದು ಒಡೆಯಿತು. ಮಾಸ್ತರು ತಲೆ ಎತ್ತಿದರು. ಯಾರೂ ಅವರನ್ನು ನೋಡುತ್ತಿರಲಿಲ್ಲ. ಎಲ್ಲರೂ ಪೂವಮ್ಮನ ಹಣೆಯನ್ನು ನೋಡುತ್ತಿದ್ದರು.

“ಇದು ಉಪಮೆ,” ಎಂದರು ಮಾಸ್ತರು ಅವಸರದಿಂದ. “ಹೊಳೆ ಅಂದರೆ ಕಾಲ. ಗಂಡ ಅಂದರೆ…”

“ಇವಳ ಗಂಡ ಹುಕ್ರಪ್ಪನ ಎಡಗಾಲಿಗೆ ಹೆಬ್ಬೆರಳಿರಲಿಲ್ಲ,” ಎಂದ ರುಕ್ಮಯ್ಯ. “ಹಂಚಿನ ಕಾರ್ಖಾನೆಯಲ್ಲಿ ಹೋದದ್ದು. ಉಪಮೆಗೆ ಬೆರಳು ಕಡಿದಿರ್ತದಾ ಮಾಸ್ಟ್ರೇ?”

ಮಾಸ್ತರು ಪುಸ್ತಕ ಮುಚ್ಚಿದರು.

“ಹೊಡೆಯುತ್ತಿದ್ದ,” ನಬೀಸಾ ಮೆಲ್ಲಗೆ ಹೇಳಿದಳು. “ಆದರೂ ಹೆಸರಿಗೆ ಅವನು ಬೇಕಾಗಿತ್ತು. ಜಾಗ ಅವನ ಅಣ್ಣತಮ್ಮಂದಿರದ್ದಲ್ವಾ. ವಿಧವೆ ಅಂತ ಗೊತ್ತಾದ ದಿನವೇ ಕೂಸಿನ ಸಮೇತ ಹೊರಗೆ ಹಾಕ್ತಿದ್ದರು. ‘ನಾಳೆ ಗಂಡ ಬರ್ತಾನೆ’ ಅನ್ನುವ ಒಂದು ಮಾತೇ ಈ ಬಾಗಿಲಿಗೆ ಚಿಲಕ.”

ಪ್ರೇಮಾವತಿ ತಾಯಿಯ ಪಕ್ಕ ಹೋಗಿ ಕೂತಳು.

“ನನ್ನ ಧಾರೆಯ ದಿನ,” ಎಂದಳು, “ಮುಹೂರ್ತ ಮೀರುವವರೆಗೆ ಅಪ್ಪನ ದಾರಿ ನೋಡಿದ್ದೆ. ಇವಳು ಪಕ್ಕದಲ್ಲೇ ನಿಂತು, ಬಸ್ಸು ತಡ ಆಗಿರ್ತದೆ ಮಗಾ ಅಂದಳು. ನನ್ನ ಜಡೆಯ ಹೂವು ಸರಿಮಾಡ್ತಾ ಅಂದಳು.”

ಸೇಸಮ್ಮ ತೊಡಿಸಿದ್ದ ಬಳೆಗಳತ್ತ ಕೈ ಚಾಚಿ ಗಂಡ ರುಕ್ಮಯ್ಯನ ಮುಖ ನೋಡಿದಳು. “ಇವನ್ನು ಎಂತ ಮಾಡುವುದು?”

ರುಕ್ಮಯ್ಯ ಮುಂಡಾಸು ಬಿಚ್ಚಿ ಮುಖ ಒರಸಿಕೊಂಡ. “ದೇಹ ಸಿಗದವರಿಗೆ ಬೈಹುಲ್ಲಿನ ಬೊಂಬೆ ಮಾಡಿ ಸುಡುವುದು ಕ್ರಮ. ಇಪ್ಪತ್ತು ವರ್ಷ ಅವನಿಗೆ ಒಂದು ಹಿಡಿ ಅನ್ನ ಇಟ್ಟವರಿಲ್ಲ. ಇವತ್ತೇ ಆಗಬೇಕು. ಮೊದಲು ಸತ್ತವ ಅವನು, ಮೊದಲು ಬೆಂಕಿ ಅವನಿಗೆ. ಆಮೇಲೆ ಇವಳ ಬಳೆ ಒಡೆದು, ಹಣೆ ಒರಸಿ ಎತ್ತುವುದು. ಬೇರೆ ದಾರಿ ಇಲ್ಲ, ಮಗಳೇ.”

ಪ್ರೇಮಾವತಿ ಹಿತ್ತಲಿಗೆ ಹೋದಳು. ಅವಳು ಅಳಲು ಹೋದಳೆಂದು ಎಲ್ಲರೂ ತಿಳಿದರು. ಬರುವಾಗ ಅವಳ ಕೈಯಲ್ಲಿ ಹುಲ್ಲಿನ ಒಂದು ಬೊಂಬೆ ಇತ್ತು. ಬಾಳೆನಾರಿನಿಂದ ಕುತ್ತಿಗೆ, ಸೊಂಟ ಕಟ್ಟಿದ್ದಳು. ಕಾಲುಗಳನ್ನೂ ಬಿಡಿಸಿದ್ದಳು. ಅದನ್ನು ರುಕ್ಮಯ್ಯನ ಕೈಗೆ ಕೊಡಲಿಲ್ಲ. ಅಂಗಡಿಯ ಹೊರಗೆ ಗಿರಾಕಿಗಳು ಕೂರುವ ಬೆಂಚಿನ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದಳು.

“ಅತ್ತೆ, ಉಳಿದ ಬಳೆ ತೊಡಿಸಿ,” ಎಂದಳು.

“ಪ್ರೇಮಾ, ಕ್ರಮ…” ರುಕ್ಮಯ್ಯ ಬಾಯಿ ತೆರೆದ.

“ಮೊದಲು ಅಮ್ಮ ಕುಂಕುಮ ಇಟ್ಟುಕೊಂಡೇ ಹೋಗಲಿ ಮಾವ. ಅವಳ ಚಿತೆ ಪೂರ್ತಿ ಉರಿದ ಮೇಲೆ ಅಪ್ಪ.”

ಮಾವಿನ ಸೌದೆ ಹಸಿಯಾಗಿತ್ತು. ಹೊಳೆಬದಿಯಲ್ಲಿ ಬೆಂಕಿ ಹಿಡಿಯಲು ತುಂಬ ಹೊತ್ತು ಬೇಕಾಯಿತು. ರುಕ್ಮಯ್ಯ ಎರಡು ಸಲ ತಿರುಗಿ ಅಂಗಡಿಯ ಕಡೆ ನೋಡಿದ. ಪ್ರೇಮಾವತಿ ಬೆಂಚಿನ ಮೇಲೆ ಬೊಂಬೆಯ ಪಕ್ಕ ಕೂತಿದ್ದಳು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.