ಅಜ್ಜಿ ಒಣಕೆಮ್ಮಿಗೆ, ಅತ್ತೆ ಕಫಕ್ಕೆ

ಕೆಮ್ಮು ನೆಗಡಿಯ ಔಷಧಿಗಳ ಪಾಠ ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ನರ್ಸಿಂಗ್ ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಡುಮ್ಕಿ ಹೊಡೆದಾಗಿತ್ತು. ಈ ಸಲವೂ ಹೋದರೆ ಗೆಳತಿಯರೆಲ್ಲ ವಾರ್ಡಿಗೆ, ನಾನು ಮತ್ತೆ ಅದೇ ಬೆಂಚಿಗೆ. ಅಳು ಬಂದು ಪುಸ್ತಕದಿಂದ ತಲೆಯೆತ್ತಿದರೆ ನಡುಮನೆಯಲ್ಲಿ ನಮ್ಮವರು ಎಂದಿನಂತೆ ಗಲಾಟೆ ಮಾಡುತ್ತಿದ್ದರು. ಅವರನ್ನೇ ನೋಡುತ್ತ ಕೂತವಳಿಗೆ ಪಾಠ ಅರ್ಥವಾಗಿಬಿಟ್ಟಿತು.

ಅಜ್ಜಿ ಒಂದು ಸಲ ಗದರಿದರೆ ಎಲ್ಲರ ಬಾಯಿ ಬಂದ್. ಅವಳು ಒಣಕೆಮ್ಮು ಅಡಗಿಸುವ ಔಷಧಿ. ಅಪ್ಪನ ತಂಗಿ, ನಮ್ಮ ಅತ್ತೆ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕುವವಳು. ಅವಳು ಕಫ ಸಡಿಲಿಸಿ ಹೊರತರುವ ಸಿರಪ್ಪು. ದೊಡ್ಡಪ್ಪ ಮಾತು ಶುರುಮಾಡಿದರೆ ಕೇಳುವವರಿಗೆ ತೂಕಡಿಕೆ. ಸೀನು ನಿಲ್ಲಿಸುವ ಮಾತ್ರೆಯೂ ಹಾಗೆಯೇ. ಇನ್ನು ಅಮ್ಮ. ಮುಚ್ಚಿದ ಬಾಗಿಲು, ಕಿಟಕಿ ಕಂಡರೆ ಅವಳಿಗಾಗದು, ಎಲ್ಲ ತೆರೆದಿಡುತ್ತಾಳೆ, ಯಾರನ್ನೂ ಮಲಗಗೊಡುವುದಿಲ್ಲ, ಸಾಲದ್ದಕ್ಕೆ ಅಪ್ಪನ ಬಿಪಿ ಏರಿಸುತ್ತಾಳೆ. ಕಟ್ಟಿದ ಮೂಗು ಬಿಡಿಸುವ ಮಾತ್ರೆಯ ಗುಣ, ದೋಷ ಎರಡೂ ಅವಳಲ್ಲಿದ್ದವು.

ತಾತನಿಗೆ ಮಾತ್ರ ಯಾವ ಔಷಧಿಯೂ ಹೊಂದಲಿಲ್ಲ. ಅತ್ತೆಯ ಪಕ್ಕ ಕೂತು "ಹೂಂ" ಅನ್ನುವುದು ಬಿಟ್ಟರೆ ಅವರು ಬೇರೆ ಉಸಾಬರಿಗೆ ಹೋದವರಲ್ಲ. ಅವರನ್ನು ಬಿಟ್ಟೆ.

ಪರೀಕ್ಷೆಯ ಕೋಣೆಯಲ್ಲಿ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ರೋಗಿಗೆ ಎದೆ ತುಂಬ ಕಫ. ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಾರೆ. ಕೆಮ್ಮು ಅಡಗಿಸೋ ಔಷಧಿ ಕೊಡಬಹುದಾ?"

"ಬೇಡ ಮೇಡಂ. ಅತ್ತೆ ಮಾತಾಡೋವಾಗ ಅಜ್ಜೀನ ಒಳಗೆ ಬಿಡಬಾರದು."

ಬಾಯಿ ತಪ್ಪಿ ಬಂದೇಬಿಟ್ಟಿತು. ಮೇಡಂ ಪೆನ್ನು ಕೆಳಗಿಟ್ಟರು.

"ಯಾವ ಅತ್ತೆ?"

ಮುಳುಗಿದವರಿಗೆ ಚಳಿಯೇನು, ಮಳೆಯೇನು. ಇಡೀ ಮನೆಯನ್ನೇ ತಂದು ಅವರ ಮುಂದೆ ಕೂರಿಸಿದೆ.

"ಕಫ ಹೊರಗೆ ಬರಬೇಕು ಮೇಡಂ, ಅಡಗಿಸಿದ್ರೆ ಎದೇಲೇ ಕೂತ್ಕೊಳ್ಳುತ್ತೆ. ದೊಡ್ಡಪ್ಪನ್ನ ತಗೊಂಡೋರು ಗಾಡಿ ಓಡಿಸಬಾರದು. ಬಿಪಿ ಇದ್ದೋರಿಗೆ ಡಾಕ್ಟರನ್ನ ಕೇಳದೆ ಅಮ್ಮನ್ನ ಕೊಡಬಾರದು."

ಮೇಡಂ ತುಟಿ ಬಿಗಿಹಿಡಿದಿದ್ದರು, ಭುಜ ಮಾತ್ರ ಕುಲುಕುತ್ತಿತ್ತು.

"ಸರಿ. ಅತ್ತೆ ಚೆನ್ನಾಗಿ ಕೆಲಸ ಮಾಡಬೇಕಂದ್ರೆ ಜೊತೆಗೆ ಏನು ಕೊಡಬೇಕು?"

ಹೋದ ಸಲ ನಾನು ಮುಗ್ಗರಿಸಿದ್ದು ಇದೇ ಪ್ರಶ್ನೆಗೆ. ಅತ್ತೆ ಯಾವಾಗ ಕೆಲಸ ಮಾಡುವುದಿಲ್ಲ ಎಂದು ಯೋಚಿಸಿದೆ. ತಾತ ಪರ ಊರಿಗೆ ಹೋಗಿದ್ದಾಗ ಅವಳು ಮೂಲೆ ಸೇರಿ ತುಟಿ ಪಿಟಕ್ಕೆನ್ನದೆ ಕೂತಿದ್ದಳು. ಎಲ್ಲವನ್ನೂ ಎದೆಯಲ್ಲೇ ಇಟ್ಟುಕೊಂಡು.

"ನೀರು ಮೇಡಂ," ಎಂದೆ. "ಧಾರಾಳವಾಗಿ ನೀರು ಕುಡಿಸಬೇಕು. ನೀರು ನಮ್ಮ ತಾತ."

ಪಾಸಾದೆ. ಮನೆಗೆ ಬಂದು ಹೇಳಿದ್ದೇ ತಡ, ಜಗಳ ಶುರುವಾಯಿತು.

"ನಾನೇನು ಎಲ್ಲರ ಬಾಯಿ ಮುಚ್ಚಿಸ್ತೀನಾ? ಸುಮ್ನಿರಿ ಎಲ್ಲಾರೂ," ಎಂದಳು ಅಜ್ಜಿ. ಎಲ್ಲರೂ ಸುಮ್ಮನಾದರು, ಆಮೇಲೆ ಬಿದ್ದು ಬಿದ್ದು ನಕ್ಕರು.

"ಅಪ್ಪ ಯಾವ ಔಷಧಿನೇ?" ಅತ್ತೆ ತಾತನ ಕಡೆ ಕೈ ತೋರಿಸಿ ಕೇಳಿದಳು.

ಹೇಳಿದೆ. ಅವಳು ಎದ್ದು ಹೋಗಿ ತಾತನಿಗೆ ಒತ್ತಿಕೊಂಡು ಕೂತಳು.

"ಹೂಂ," ಎಂದರು ತಾತ.