ಭುಜಕ್ಕೆ ಗೊತ್ತಾಗದ ಭಾರ

ಏಳನೆಯ ಮಹಡಿ, ಗೋಡೆಯ ಮೇಲಿನ ಅಂಕಿಯ ಬಣ್ಣ ಸೋರಿ ಏಳಕ್ಕೊಂದು ಬಾಲ ಬಂದಿದೆ, ಉಸಿರು ಚೆನ್ನಾಗಿಯೇ ಇದೆ, ಮೊಣಕಾಲೂ ತಕರಾರು ತೆಗೆದಿಲ್ಲ, ಮತ್ತೆ ಏನೋ ಸರಿಯಿಲ್ಲ ಅನ್ನಿಸುತ್ತಿರುವುದು ಯಾಕೆ — ಬಲಭುಜ. ಬಲಭುಜದ ಮೇಲೆ ಭಾರವೇ ಇಲ್ಲ. ಪಟ್ಟಿ ಇದೆ, ಪಟ್ಟಿಗೆ ಚೀಲ ಇದೆ, ಚೀಲದಲ್ಲಿ ಟಾರ್ಚು, ಅಳತೆಯ ಟೇಪು, ನೀರಿನ ಬಾಟಲಿ, ಲ್ಯಾಪ್‌ಟಾಪು — ಇದೆಯೆ? ಅಯ್ಯೋ ದೇವರೆ, ಇದೆಯೆ? ಬಿಚ್ಚಿ ನೋಡಿದರೆ ಮುಗಿಯಿತು, ಒಂದು ಜಿಪ್ಪಿನ ಕೆಲಸ, ಆದರೆ ಕೈಯೇ ಏಳುತ್ತಿಲ್ಲ, ಇಲ್ಲ ಅನ್ನುವುದಾದರೆ ಮೇಲೆ ಹೋದ ಮೇಲೆಯೇ ಗೊತ್ತಾಗಲಿ, ಇನ್ನೈದು ಮಹಡಿಯಾದರೂ ಅದು ಚೀಲದಲ್ಲಿದೆ ಅಂದುಕೊಂಡೇ ಹತ್ತುತ್ತೇನೆ. ಕೆಳಗೆ ವಾಚ್‌ಮನ್ ನಕ್ಕಿದ್ದ, ಲಿಫ್ಟ್ ಇರೋವಾಗ ಯಾಕೆ ಮೇಡಂ ಕಾಲು ನೋಯಿಸ್ಕೊಳ್ತೀರಾ, ಅದನ್ನೇ ಪರೀಕ್ಷೆ ಮಾಡೋಕೆ ಬಂದಿರೋದಪ್ಪಾ, ಪಾಸಾದ್ರೆ ಅದ್ರಲ್ಲೇ ಇಳೀತೀನಿ ಅಂದಿದ್ದೆ. ನೋಡದ ಲಿಫ್ಟನ್ನು ಹತ್ತಬಾರದು, ಮೊದಲು ಮೆಟ್ಟಿಲು, ತುದಿಯಲ್ಲಿ ಯಂತ್ರದ ಕೋಣೆ, ಲಿಫ್ಟು ತೂಗುವ ಉಕ್ಕಿನ ಹಗ್ಗ, ಬ್ರೇಕು, ಆಮೇಲೆ ಸಹಿ — ಹತ್ತೊಂಬತ್ತು ವರ್ಷದ ಹಿಂದೆ ನನಗೆ ಈ ಕೆಲಸ ಕಲಿಸಿದ ದೊಡ್ಡ ಇನ್‌ಸ್ಪೆಕ್ಟರ್ ಹಾಕಿಕೊಟ್ಟ ನಿಯಮ, ದಪ್ಪ ಹೆಬ್ಬೆರಳು ಅವರದು, ಉಗುರು ಒಂದು ಕಡೆ ಸೀಳಿತ್ತು, ಅದರ ಅಡಿಯಲ್ಲಿ ಕೆಂಪಗೆ ಹೊತ್ತಿಕೊಂಡ ಲಿಫ್ಟಿನ ಗುಂಡಿ — ಬೇಡ, ಅದು ಈಗ ಬೇಡ.

ಎಂಟು. ಬೆಳಿಗ್ಗೆ ರೈಲಿನಲ್ಲಿ ತೊಡೆಯ ಮೇಲೆ ಇತ್ತು, ಖಂಡಿತ ಇತ್ತು, ನಿನ್ನೆ ನೋಡಿದ ಮೂರು ಕಟ್ಟಡಗಳ ವರದಿ ಅದರಲ್ಲೇ ತಿದ್ದುತ್ತಿದ್ದೆ, ಪಕ್ಕದವನಿಗೆ ಮೊಣಕೈ ಕೂಡ ತಾಗಿಸದೆ, ನಿಲ್ದಾಣ ಬಂತು, ಮುಚ್ಚಿದೆ, ಮುಚ್ಚಿ ಎಲ್ಲಿಟ್ಟೆ, ಸೀಟಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಪೇಪರಿನ ಪಕ್ಕ ಇಟ್ಟೆನೆ, ಪೇಪರಿಗಿಂತ ತುಸು ದಪ್ಪ ಅಷ್ಟೇ ಅದು. ಹಳೆಯದನ್ನು ಮರೆಯಲು ಸಾಧ್ಯವೇ ಇರಲಿಲ್ಲ, ಮೂರು ಕಿಲೋ, ಜೊತೆಗೆ ಇಟ್ಟಿಗೆಯಂಥ ಚಾರ್ಜರು, ಭುಜ ಬೇಕೋ ಚೀಲ ಬೇಕೋ ನೀವೇ ತೀರ್ಮಾನ ಮಾಡಿ ಅಂದುಬಿಟ್ಟಿದ್ದರು ಡಾಕ್ಟರು. ನಾನು ತೀರ್ಮಾನ ಮಾಡಿದ್ದು ಎಂಥದು, ಒಂದು ಕಟ್ಟಡದಲ್ಲಿ ಅದನ್ನು ಕೆಳಗೇ ಬಿಟ್ಟು ಬರಿಗೈಯಲ್ಲಿ ಹತ್ತಿ, ನೋಡಿದ್ದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಇಳಿದು ಬರೆದೆ, ಇದ್ದ ಹಗ್ಗ ಆರು, ಬರೆದದ್ದು ಐದು. ಮ್ಯಾನೇಜರ್ ಹಿಂದಿನ ವರ್ಷದ ವರದಿಯನ್ನು ಅದರ ಪಕ್ಕದಲ್ಲಿಟ್ಟು ನನ್ನನ್ನೇ ನೋಡಿದರು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಹೊಸದೊಂದು ಕೊಡ್ತೀನಿ, ಒಂದು ಕಿಲೋನೂ ತೂಗಲ್ಲ, ಇನ್ನೊಂದ್ಸಲ ಎಡವಟ್ಟಾದ್ರೆ ಆಫೀಸಲ್ಲಿ ಮೇಜು ಕಾಯ್ತಿದೆ. ಮೇಜು. ಬೇರೆಯವರು ಹತ್ತಿ ಬಂದು ಹೇಳಿದ್ದನ್ನು ಕುಳಿತು ಟೈಪು ಮಾಡುವ ಮೇಜು. ನನ್ನಿಂದ ಆಗಲ್ಲ.

ಹತ್ತು, ಕಂಬಿಗೆ ಕೈ ಕೊಟ್ಟು ಒಂದು ಗಳಿಗೆ ನಿಲ್ಲುತ್ತೇನೆ, ದೊಡ್ಡ ಇನ್‌ಸ್ಪೆಕ್ಟರೂ ಒಂದು ದಿನ ಹೀಗೇ ನಿಂತಿದ್ದರು, ಅವರದು ಕೆಳಗಿನ ಮೊದಲ ಮೆಟ್ಟಿಲಲ್ಲೇ, ಹೆಗಲಲ್ಲಿ ಫೈಲು ತುಂಬಿದ ಚೀಲ, ಹದಿನಾಲ್ಕು ಮಹಡಿಯ ಕಟ್ಟಡ, ತಲೆಯೆತ್ತಿ ಮೇಲೆ ನೋಡುತ್ತಾರೆ, ನೋಡುತ್ತಲೇ ಇದ್ದಾರೆ, ಸರ್ ಚೀಲ ನಾನು ತರ್ತೀನಿ ಅಂದರೂ ಕೇಳಿಸಿಕೊಳ್ಳದೆ ಲಿಫ್ಟಿನ ಮುಂದೆ ಹೋಗಿ ಹೆಬ್ಬೆರಳು ಊರಿದರು, ಗುಂಡಿ ಕೆಂಪಗೆ ಹೊತ್ತಿಕೊಂಡಿತು, ಯಾರಿಗೂ ಹೇಳ್ಬೇಡಮ್ಮ. ಇಲ್ಲ ಸರ್. ವಾರ ಕಳೆಯುವುದರೊಳಗೆ ಕೆಲಸ ಬಿಟ್ಟರು. ನನಗೆ ಭಯ ಮ್ಯಾನೇಜರದಲ್ಲ, ಮೇಜಿನದೂ ಅಲ್ಲ, ಆ ಗುಂಡಿಯದು, ಒಂದಲ್ಲ ಒಂದು ದಿನ ನನ್ನ ಬೆರಳೂ ತಾನಾಗಿ ಅಲ್ಲಿಗೆ ಹೋದೀತು ಎಂದು.

ಹನ್ನೆರಡು, ಯಂತ್ರದ ಕೋಣೆಯ ಕಬ್ಬಿಣದ ಬಾಗಿಲು, ಗ್ರೀಸಿನ ವಾಸನೆ, ಸರಿ, ಆದದ್ದಾಗಲಿ, ಜಿಪ್ಪು. ಟಾರ್ಚಿದೆ, ಟೇಪಿದೆ, ಬಾಟಲಿ, ಅದರ ಹಿಂದೆ ನಕ್ಷೆಗಳ ಫೈಲು, ಫೈಲಿನ ಹಿಂದೆ — ತಣ್ಣಗೆ, ತೆಳ್ಳಗೆ ಬೆರಳಿಗೆ ಸಿಕ್ಕಿತು. ಇದೆ. ಇಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ, ಮೆಟ್ಟಿಲ ಮೇಲೆ ಕುಸಿದು ಕುಳಿತು ಎದೆಗೆ ಅವುಚಿಕೊಂಡೆ, ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು. ಮತ್ತೆ ಹೋದದ್ದೇನು, ಭುಜ ಸುಮ್ಮನೆ ಸುಳ್ಳು ಹೇಳುವುದಿಲ್ಲ. ಚೀಲದ ತಳ ತಡವಿದರೆ ಒಂದು ಚೀಟಿ, ನನ್ನ ಯಜಮಾನರ ಕೋಳಿಕಾಲು ಅಕ್ಷರ: ಹಳೇ ಚಾರ್ಜರ್ ತೆಗೆದಿಟ್ಟಿದೀನಿ, ಸತ್ತಿದ್ದನ್ನ ಇನ್ನೆಷ್ಟು ದಿನ ಹೊರ್ತೀಯಾ ಮಹಾತಾಯಿ. ನಗು ಉಕ್ಕಿ ಬಂತು, ಕಣ್ಣೂ ತುಂಬಿತು. ಹೊಸದು ಬಂದಾಗಿನಿಂದ ಹಳೆಯ ಚಾರ್ಜರನ್ನೂ ಜೊತೆಗೆ ಹೊತ್ತು ತಿರುಗುತ್ತಿದ್ದೆ, ಕೆಲಸಕ್ಕಲ್ಲ, ಚೀಲದಲ್ಲಿ ಏನೋ ಇದೆ ಎಂದು ಭುಜಕ್ಕೆ ಗೊತ್ತಾಗಲಿ ಎಂದು, ಅವರು ಮೊದಲ ದಿನವೇ ಕಂಡುಹಿಡಿದು ರೇಗಿಸಿದ್ದರು. ಸರಿ ಬಿಡಿ, ಇರಲಿ ಅದು ಮನೆಯಲ್ಲೇ. ಪ್ಲಗ್ಗು ಹುಡುಕುವ ಗೋಳಿಲ್ಲ ಈಗ, ಸಂಜೆಯವರೆಗೆ ಬ್ಯಾಟರಿ ಬರುತ್ತದೆ, ಹಗ್ಗದ ಮುಂದೆಯೇ ಕುಳಿತು, ಕಣ್ಣಲ್ಲಿ ಎಣಿಸುತ್ತಲೇ ಬರೆಯಬಹುದು, ಒಂದು, ಎರಡು, ಆರಿದ್ದರೆ ಆರು. ಮುಚ್ಚಳ ತೆರೆಯುತ್ತೇನೆ, ಮೂಲೆಯ ಪುಟ್ಟ ಗುಂಡಿಯ ಮೇಲೆ ಹೆಬ್ಬೆರಳು ಇಡುತ್ತೇನೆ, ಬೆರಳಿನ ಅಂಚಿಗೆ ಬೆಳಕು ಬರುತ್ತದೆ, ಬಿಳಿಯದು, ಎಷ್ಟು ಹಗುರ ಸರ್ ಇದು, ನಿಮ್ಮ ಕಾಲಕ್ಕೆ ಇದು ಬಂದಿದ್ದರೆ — ಹತ್ತಿದೆ ಸರ್, ಹನ್ನೆರಡೂ ಮಹಡಿ ಹತ್ತಿದೆ, ಅವತ್ತಿನದನ್ನು ಯಾರಿಗೂ ಹೇಳಿಲ್ಲ — ಸೀಳಿದ ಉಗುರು, ದಪ್ಪ ಹೆಬ್ಬೆರಳು, ಅದರ ಅಡಿಯಲ್ಲಿ ಕೆಂಪು ಗುಂಡಿ.